ಏಳು ದಿನವೋ, ಮಂಡಲವೋ, ಹನ್ನೆರಡು ವಾರವೋ: ಗುರಿಗೆ ತಕ್ಕ ಗಡುವು ಆರಿಸುವ ಬಗೆ

ಮೂವತ್ತು ದಿನ ಸಿಹಿ ಬಿಟ್ಟು, ದಿನಕ್ಕೆ ನಲವತ್ತು ನಿಮಿಷ ನಡೆದು, ಮೂವತ್ತೊಂದನೆಯ ಬೆಳಿಗ್ಗೆ ಲ್ಯಾಬಿಗೆ ಹೋಗಿ ಎಚ್‌ಬಿಎ1ಸಿ ಮಾಡಿಸುವವರಿದ್ದಾರೆ. ಅಂಕಿ ಅಂದುಕೊಂಡಷ್ಟು ಇಳಿದಿರುವುದಿಲ್ಲ. ‘ಇಷ್ಟೆಲ್ಲ ಮಾಡಿದ್ದಕ್ಕೆ ಇಷ್ಟೇನಾ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಅವರ ಶ್ರಮದಲ್ಲಿ ಏನೂ ಕೊರತೆಯಿರಲಿಲ್ಲ. ಆ ಪರೀಕ್ಷೆ ತೋರಿಸುವುದು ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು. ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ. ಒಂದು ತಿಂಗಳ ದುಡಿಮೆಯನ್ನು ಮೂರು ತಿಂಗಳ ಅಳತೆಗೋಲಿನಲ್ಲಿ ಅಳೆದರೆ ಅರ್ಧಂಬರ್ಧವೇ ಕಾಣುವುದು. ಅದೇ ಮೂವತ್ತು ದಿನಕ್ಕೆ ‘26 ದಿನ ನಡೆಯುತ್ತೇನೆ’ ಎಂದೋ, ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಇಷ್ಟರೊಳಗೆ ಇರಬೇಕೆಂದೋ ಇಟ್ಟುಕೊಂಡಿದ್ದರೆ ಫಲ ಕಣ್ಣಿಗೆ ಬೀಳುತ್ತಿತ್ತು. (ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಯಾವ ಗುರಿಯನ್ನೂ ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು.)

ಅಲ್ಪಾವಧಿಯ ಗುರಿಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಗಡುವನ್ನು ಎಲ್ಲಿಂದಲೋ ಎತ್ತಿಕೊಂಡು ಬರುತ್ತೇವೆ. ಯಾರೋ 21 ದಿನ ಅಂದರು, ಇನ್ಯಾರೋ ವಾಟ್ಸ್ಯಾಪ್‌ನಲ್ಲಿ 75 ದಿನದ ಚಾಲೆಂಜ್ ಕಳಿಸಿದರು. ಆಮೇಲೆ ನಮ್ಮ ಕೆಲಸವನ್ನು ಅದರೊಳಗೆ ತುರುಕುತ್ತೇವೆ. ಕೆಲಸದ ಫಲ ಕಾಣಲು ಎಷ್ಟು ದಿನ ಬೇಕು ಎಂಬುದನ್ನು ಮೊದಲು ಕೇಳಿಕೊಂಡರೆ ಗಡುವು ತಾನಾಗಿ ಗೊತ್ತಾಗುತ್ತದೆ.

ಅದಕ್ಕೆ ಮುಂಚೆ ಗುರಿ ಯಾವ ಬಗೆಯದು ಎಂದು ಬೇರ್ಪಡಿಸಿಕೊಳ್ಳಿ. ಒಂದು, ಮುಗಿಸಿ ಎದ್ದುಬಿಡುವ ಕೆಲಸ: ಅಟ್ಟ ಖಾಲಿ ಮಾಡುವುದು, ಪಾಸ್‌ಪೋರ್ಟ್ ನವೀಕರಣ, ಅರ್ಧ ಓದಿಟ್ಟ ಪುಸ್ತಕ. ಎರಡು, ರೂಢಿ: ಬೆಳಿಗ್ಗೆ ಬೇಗ ಏಳುವುದು, ನಡಿಗೆ, ಸಂಗೀತದ ಸಾಧಕ. ಮೂರು, ಮೆಲ್ಲನೆ ಏರುವ ಅಥವಾ ಇಳಿಯುವ ಅಂಕಿ: ತೂಕ, ಟೈಪಿಂಗ್ ವೇಗ, ಉಳಿತಾಯ. ಮೊದಲನೆಯದಕ್ಕೆ ಗಡುವು ಚಿಕ್ಕದಿದ್ದಷ್ಟೂ ಒಳ್ಳೆಯದು. ಎರಡನೆಯದಕ್ಕೆ ಚಿಕ್ಕ ಗಡುವು ಮೋಸ ಮಾಡುತ್ತದೆ. ಮೂರನೆಯದಕ್ಕೆ ಆ ಅಂಕಿಯ ಸ್ವಭಾವವೇ ಗಡುವನ್ನು ಹೇಳುತ್ತದೆ.

ಏಳು ದಿನ

ತಿಂಗಳುಗಟ್ಟಲೆ ಮುಂದೂಡಿದ, ಆದರೆ ಒಟ್ಟು ಕೂಡಿಸಿದರೆ ನಾಲ್ಕೈದು ಗಂಟೆ ಮೀರದ ಕೆಲಸಗಳಿಗೆ ಇದು. ಬೀರು ಸ್ವಚ್ಛ ಮಾಡುವುದಾದರೆ ದಿನಕ್ಕೊಂದು ಅರೆ, ನಲವತ್ತು ನಿಮಿಷ. ಭಾನುವಾರ ಒಂದೇ ದಿನ ಎಲ್ಲ ಮುಗಿಸುತ್ತೇನೆಂದು ಇಡೀ ಬೀರು ಮಂಚದ ಮೇಲೆ ಸುರಿದುಕೊಂಡವರು ರಾತ್ರಿ ಹತ್ತಕ್ಕೆ ಅದನ್ನೆಲ್ಲ ಹಾಗೇ ಒಳಗೆ ತುಂಬಿರುತ್ತಾರೆ.

ಇಲ್ಲಿ ಮಾಡುವ ತಪ್ಪು ಒಂದೇ, ಬೇರೆಯವರ ಕೈಯಲ್ಲಿರುವುದನ್ನು ಗುರಿ ಮಾಡಿಕೊಳ್ಳುವುದು. ‘ಈ ವಾರ ಆದಾಯ ಪ್ರಮಾಣಪತ್ರ ಪಡೆಯುತ್ತೇನೆ’ ಎಂಬುದು ನಾಡಕಚೇರಿಯ ಗುರಿ, ನಿಮ್ಮದಲ್ಲ. ‘ಬುಧವಾರದೊಳಗೆ ದಾಖಲೆ ಜೋಡಿಸಿ ಗುರುವಾರ ಅರ್ಜಿ ಹಾಕುತ್ತೇನೆ’ ಎಂಬುದು ನಿಮ್ಮದು.

ಏಳು ದಿನಕ್ಕೆ ಇನ್ನೊಂದು ಉಪಯೋಗವಿದೆ, ಅದೇ ಹೆಚ್ಚು ಬೆಲೆಯುಳ್ಳದ್ದು. ದೊಡ್ಡ ಗುರಿಗೆ ಕೈಹಾಕುವ ಮೊದಲು ಒಂದು ವಾರ ಅದನ್ನು ನಡೆಸಿ ನೋಡಿ. ಬೆಳಿಗ್ಗೆ 5.30ಕ್ಕೆ ಏಳಬೇಕೆಂದಿದ್ದರೆ ಮೂರನೆಯ ದಿನಕ್ಕೇ ಗೊತ್ತಾಗುತ್ತದೆ, ಅಡ್ಡಿ ಅಲಾರಾಂ ಅಲ್ಲ, ರಾತ್ರಿ ಹತ್ತೂವರೆಗೆ ಆಗುವ ಊಟ. ಹಾಗಿದ್ದರೆ ಹಾಕಿಕೊಳ್ಳಬೇಕಾದ ಗುರಿ ‘8.30ಕ್ಕೆ ಊಟ’ ಎಂಬುದು.

ಹದಿನಾಲ್ಕು ದಿನ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸತಲ್ಲ. ಸ್ಪ್ರಿಂಟ್ ಎಂದು ಕರೆಯುವ ಅವಧಿಯನ್ನು ಬಹಳಷ್ಟು ತಂಡಗಳು ಎರಡು ವಾರಕ್ಕೇ ಇಟ್ಟುಕೊಳ್ಳುತ್ತವೆ. ಮನೆಯ ಕೆಲಸಕ್ಕೂ ಅದು ಒಗ್ಗುತ್ತದೆ. ಕಾರಣ ಸರಳ: ಎರಡು ಶನಿವಾರ-ಭಾನುವಾರ ಸಿಗುತ್ತವೆ. ಮೊದಲನೆಯದರಲ್ಲಿ ಹಿಂದೆ ಬಿದ್ದದ್ದನ್ನು ಸರಿಮಾಡಿಕೊಂಡು ಎರಡನೆಯದರಲ್ಲಿ ಮುಗಿಸಬಹುದು.

240 ಪುಟದ ಪುಸ್ತಕವನ್ನು ತೆಗೆದುಕೊಳ್ಳಿ. 14ರಿಂದ ಭಾಗಿಸಿದರೆ ದಿನಕ್ಕೆ 17 ಪುಟ ಚಿಲ್ಲರೆ. ಹಾಗೆ ಭಾಗಿಸಬೇಡಿ. ಮೂರು ದಿನ ಓದಲು ಆಗುವುದೇ ಇಲ್ಲ ಎಂದು ಮೊದಲೇ ಕಳೆದು 11ರಿಂದ ಭಾಗಿಸಿ: 22 ಪುಟ. ಪುಟಕ್ಕೆ ಎರಡು ನಿಮಿಷವೆಂದರೆ 44 ನಿಮಿಷ. ಅಷ್ಟು ಹೊತ್ತು ನಿಮ್ಮ ದಿನದಲ್ಲಿ ಎಲ್ಲಿದೆ ಎಂದು ತೋರಿಸಲಾಗದಿದ್ದರೆ ಪುಸ್ತಕ ಚಿಕ್ಕದಾಗಬೇಕು ಅಥವಾ ಗಡುವು ದೊಡ್ಡದಾಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಣಕ್ಕಿಂತ ಹೊತ್ತಿಗೇ ಹೆಚ್ಚು ಸಲ್ಲುವ ಮಾತು.

21 ದಿನ: ಹೆಸರು ದೊಡ್ಡದು

‘21 ದಿನ ಮಾಡಿದರೆ ರೂಢಿಯಾಗುತ್ತದೆ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಒಂದು ಪುಸ್ತಕ. ಶಸ್ತ್ರಚಿಕಿತ್ಸೆಯ ನಂತರ ರೋಗಿ ತನ್ನ ಹೊಸ ಮುಖಕ್ಕೆ ಹೊಂದಿಕೊಳ್ಳಲು ‘ಕಡಿಮೆಯೆಂದರೆ ಸುಮಾರು 21 ದಿನ’ ಬೇಕು ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ‘ಕಡಿಮೆಯೆಂದರೆ’ ಉದುರಿಹೋಯಿತು, ‘ಸುಮಾರು’ ಕೂಡ ಹೋಯಿತು, ಮುಖದ ಜಾಗಕ್ಕೆ ಜಿಮ್ಮು ಬಂತು.

ರೂಢಿಯನ್ನೇ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು. 96 ಜನ, 12 ವಾರ. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ, ಇಂಥ ಒಂದೊಂದು ಕೆಲಸ. ಅದು ತಾನಾಗಿ ನಡೆಯುವ ಮಟ್ಟ ತಲುಪಲು ಹಿಡಿದದ್ದು ನಡುಮಟ್ಟದ ಲೆಕ್ಕದಲ್ಲಿ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾದೀತೆಂಬ ಅಂದಾಜು ಬಂತು. ನೀರು ಕುಡಿಯುವಂಥ ಸುಲಭದವು ಬೇಗ ಕೂತವು, ವ್ಯಾಯಾಮ ನಿಧಾನ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿಯನ್ನು ನಾವು 66ಕ್ಕಿಂತ ಮುಖ್ಯವೆನ್ನುತ್ತೇವೆ: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ.

ಹಾಗಾಗಿ 21 ದಿನವನ್ನು ಊಟದ ನಂತರ ತಟ್ಟೆ ತೊಳೆದಿಡುವುದು, ಮಾತ್ರೆ ನುಂಗುವುದು, ಮಲಗುವ ಮುಂಚೆ ಫೋನ್ ಹಾಲಿನಲ್ಲಿ ಚಾರ್ಜಿಗಿಡುವುದು ಇಂಥವಕ್ಕೆ ಬಳಸಿ. ಓಟಕ್ಕೆ, ಯೋಗಕ್ಕೆ, ಓದಿಗೆ ಬೇಡ. ಇಪ್ಪತ್ತೆರಡನೆಯ ದಿನವೂ ಹಾಸಿಗೆ ಬಿಟ್ಟೇಳಲು ಕಷ್ಟವಾದರೆ ‘ನನ್ನಲ್ಲೇ ಏನೋ ದೋಷ’ ಎಂದು ಅನ್ನಿಸಿಬಿಡುತ್ತದೆ. ದೋಷವೇನಿಲ್ಲ, ಲೆಕ್ಕ ತಪ್ಪಿದೆ ಅಷ್ಟೇ.

ಮೂವತ್ತು ದಿನ

ಸಂಬಳ, ಬಾಡಿಗೆ, ಕರೆಂಟ್ ಬಿಲ್, ಗೋಡೆಯ ಕ್ಯಾಲೆಂಡರಿನ ಹಾಳೆ ಎಲ್ಲವೂ ತಿಂಗಳಿನದೇ. ಹಣದ ಗುರಿಗೆ ಇದಕ್ಕಿಂತ ಒಪ್ಪುವ ಅವಧಿ ಇಲ್ಲ. ಒಂದು ತಿಂಗಳ ಯುಪಿಐ ಪಾವತಿಗಳನ್ನು ಬರೆದಿಟ್ಟು, ಮುಂದಿನ ತಿಂಗಳು ಅದರಲ್ಲಿ ಒಂದೇ ಒಂದು ಬಾಬತ್ತನ್ನು, ಹೊರಗಿನಿಂದ ತರಿಸುವ ಊಟವನ್ನೋ ಆನ್‌ಲೈನ್ ಬಟ್ಟೆಯನ್ನೋ, ಅರ್ಧಕ್ಕೆ ಇಳಿಸುವುದು ಮಾಡಬಹುದಾದ ಗುರಿ. ಉಳಿಸುವ ಮೊತ್ತ ಸಂಬಳ ಬಂದ ದಿನವೇ ಬೇರೆ ಖಾತೆಗೆ ಹೋಗಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆ ಅಂದವರಿಗೆ ಉಳಿಯುವುದೇ ಇಲ್ಲ.

ತೂಕದ ವಿಷಯದಲ್ಲಿ ಮೂವತ್ತು ದಿನ ಸ್ವಲ್ಪ ಅಪಾಯದ್ದು. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿಯುವುದು ಸುರಕ್ಷಿತ ಎನ್ನುತ್ತಾರೆ. ಅಂದರೆ ತಿಂಗಳಿಗೆ ಎರಡರಿಂದ ನಾಲ್ಕು. ‘ತಿಂಗಳಲ್ಲಿ ಹತ್ತು ಕೆ.ಜಿ.’ ಜಾಹೀರಾತನ್ನು ಪಕ್ಕಕ್ಕಿಡಿ. ಇನ್ನೊಂದು ತೊಡಕೆಂದರೆ ಉಪ್ಪು, ನೀರು, ಹಿಂದಿನ ರಾತ್ರಿಯ ಊಟದಿಂದಲೇ ತೂಕ ದಿನದಿಂದ ದಿನಕ್ಕೆ ಒಂದು ಕೆ.ಜಿ.ಯಷ್ಟು ಮೇಲೆ ಕೆಳಗೆ ಆಡುತ್ತದೆ. ಸೋಮವಾರದ ಅಂಕಿಯನ್ನು ಮಂಗಳವಾರದ್ದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಏಳು ಬೆಳಗಿನ ತೂಕ ಕೂಡಿಸಿ ಸರಾಸರಿ ತೆಗೆದು, ವಾರವನ್ನು ವಾರಕ್ಕೆ ಹೋಲಿಸಿ.

ಬರೆಯುವವರಿಗೂ ತಿಂಗಳು ಒಗ್ಗುತ್ತದೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ನವೆಂಬರ್ ಕಾದಂಬರಿ ಪಂಥದಲ್ಲಿ 30 ದಿನಕ್ಕೆ 50,000 ಪದ ಬರೆಯಬೇಕಿತ್ತು, ಅಂದರೆ ದಿನಕ್ಕೆ 1,667. ಕನ್ನಡದಲ್ಲಿ ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬಾರದು. ಇಂಗ್ಲಿಷಿನಲ್ಲಿ ಮೂರು ಪದ ಬೇಕಾಗುವ ‘ಮನೆಯಿಂದ’ ನಮಗೆ ಒಂದೇ ಪದ. ಕನ್ನಡದಲ್ಲಿ ಬರೆಯುವುದಾದರೆ ದಿನಕ್ಕೆ ಇಂತಿಷ್ಟು ಪುಟ ಎಂದಿಟ್ಟುಕೊಳ್ಳುವುದೇ ಮೇಲು.

ತಿಂಗಳನ್ನು ಆರಿಸುವಾಗ ಪಂಚಾಂಗ ನೋಡಿ. ಶುಭಮುಹೂರ್ತಕ್ಕಾಗಿ ಅಲ್ಲ, ಅಶುಭಕ್ಕಾಗಿ! ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲ; ಧನುರ್ಮಾಸದಲ್ಲೂ ಇಲ್ಲ. ಊರಿಗೆ ಓಡುವುದು, ಹೊರಗೆ ಉಳಿಯುವುದು, ಹೋಳಿಗೆ ಊಟ ಎಲ್ಲ ಕಡಿಮೆ. ತಿಂಗಳ ಗುರಿಗೆ ಇವೆರಡರಷ್ಟು ನಿರಾಳವಾದ ಕಾಲ ವರ್ಷದಲ್ಲಿ ಬೇರೆ ಸಿಗುವುದಿಲ್ಲ. ಶ್ರಾವಣದಲ್ಲಿ ಸಕ್ಕರೆ ಬಿಡಲು ಹೊರಟವರು ನಾಗರಪಂಚಮಿಯ ತಂಬಿಟ್ಟಿಗೇ ಸೋಲುತ್ತಾರೆ. ಧನುರ್ಮಾಸದಲ್ಲಿ ನಸುಕಿನಲ್ಲೆದ್ದು ಪೂಜೆ ಮಾಡುವ ಮನೆಗಳಲ್ಲಿ ಏಳುವುದಕ್ಕೆ ಜೊತೆಯೂ ಇರುತ್ತದೆ, ಬಿಸಿ ಹುಗ್ಗಿಯ ಆಸೆಯೂ ಇರುತ್ತದೆ. ಆದರೆ ಸಂಕ್ರಾಂತಿ ಮುಗಿದ ಮಾರನೆಯ ದಿನ ಅದೇ ಮನೆ ಏಳಕ್ಕೆ ಏಳುತ್ತದೆ ಎಂಬುದೂ ನಿಜ. ಕೊನೆಯ ದಿನದ ನಂತರ ಏನು ಎಂದು ಬರೆದಿಡದ ತಿಂಗಳ ಗುರಿಗಳ ಪಾಡೆಲ್ಲ ಇದೇ.

ಮಂಡಲ, ಅಂದರೆ 48 ದಿನ

ನಮ್ಮ ಕಡೆ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ಆಯುರ್ವೇದದ ಔಷಧಿ, ದೇವರ ಹರಕೆ, ಜಪ ಇವಕ್ಕೆಲ್ಲ ಮಂಡಲದ ಲೆಕ್ಕವಿದೆ. ಶಬರಿಮಲೆಗೆ ಹೋಗುವವರ ವ್ರತ 41 ದಿನದ್ದು. 48 ಎಂಬ ಸಂಖ್ಯೆಯಲ್ಲೇ ಏನೋ ಮಹಿಮೆಯಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ರೂಢಿಯ ಗುರಿಗೆ ನಮ್ಮ ಆಯ್ಕೆ ಇದೇ, 21ಕ್ಕೂ ಅಲ್ಲ, 30ಕ್ಕೂ ಅಲ್ಲ.

ವ್ರತದ ಕಟ್ಟುಪಾಡನ್ನು ಗಮನಿಸಿ. ನಿಯಮಗಳು ಕೆಲವೇ, ಆದರೆ ಎರಡರ್ಥ ಇಲ್ಲದವು. ಮಾಲೆ ಹಾಕಿದವರು ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ. ‘ಸ್ವಲ್ಪ’ ಎಂಬ ಮಾತಿಗೆ ಜಾಗವಿಲ್ಲ. ಕೊರಳಲ್ಲಿರುವ ಮಾಲೆ ಊರಿಗೆಲ್ಲ ಕಾಣುತ್ತದೆ, ಹಾಗಾಗಿ ಗೆಳೆಯರೂ ಒತ್ತಾಯಿಸುವುದಿಲ್ಲ, ಅಡುಗೆಮನೆಯೂ ಸಹಕರಿಸುತ್ತದೆ. ಶುರುವಿಗೂ ಕೊನೆಗೂ ಒಂದು ವಿಧಿ ಇದೆ. ಇಷ್ಟನ್ನೂ ವ್ರತವಲ್ಲದ ಗುರಿಗೆ ಎರವಲು ಪಡೆಯಬಹುದು: ಎರಡು-ಮೂರಕ್ಕೆ ಮೀರದ ನಿಯಮ, ಮನೆಯವರಿಗೆ ಮೊದಲೇ ಹೇಳುವುದು, ಕಣ್ಣಿಗೆ ಬೀಳುವ ಒಂದು ಗುರುತು.

48ನ್ನು ಹದಿನಾರು ಹದಿನಾರಾಗಿ ಮೂರು ಪಾಲು ಮಾಡಿ. ಸೂರ್ಯನಮಸ್ಕಾರವಾದರೆ ಮೊದಲ ಪಾಲು ದಿನಕ್ಕೆ 4, ಎರಡನೆಯದು 8, ಮೂರನೆಯದು 12. ಮೊದಲ ದಿನವೇ 12 ಮಾಡಬಲ್ಲವರೂ ನಾಲ್ಕಕ್ಕೇ ನಿಲ್ಲಬೇಕು. ಮೊದಲ ಹದಿನಾರು ದಿನಗಳಲ್ಲಿ ಕಲಿಯಬೇಕಾದದ್ದು ಸೂರ್ಯನಮಸ್ಕಾರವನ್ನಲ್ಲ, ಚಾಪೆ ಹಾಸುವುದನ್ನು. ಆರಂಭಶೂರರು ಬೀಳುವುದು ಇಲ್ಲೇ: ಮೊದಲ ವಾರ ಹನ್ನೆರಡು ಹೊಡೆದು, ಎರಡನೆಯ ವಾರ ಸೊಂಟ ಹಿಡಿದು, ಮೂರನೆಯ ವಾರ ಚಾಪೆ ಅಟ್ಟಕ್ಕೆ.

ಮಂಡಲಕ್ಕೂ ದೌರ್ಬಲ್ಯವಿದೆ. ವ್ಯಾಯಾಮದಂಥ ಕಷ್ಟದ ರೂಢಿ 48 ದಿನಕ್ಕೆ ಪೂರ್ತಿ ಕೂರುತ್ತದೆನ್ನುವ ಹಾಗಿಲ್ಲ, 66ರ ಲೆಕ್ಕ ಮರೆಯಬೇಡಿ. ಹಾಗಾಗಿ 49ನೆಯ ದಿನಕ್ಕೆ ಒಂದು ಕಡಿಮೆ ಪ್ರಮಾಣವನ್ನು, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎಂಟು ಎಂಬಂತೆ, ಮೊದಲನೆಯ ದಿನವೇ ಬರೆದಿಟ್ಟಿರಬೇಕು.

ಹನ್ನೆರಡು ವಾರ

84 ದಿನ. ಅಂಕಿ ಮೆಲ್ಲನೆ ಬದಲಾಗುವ ಎಲ್ಲಕ್ಕೂ ಇದೇ ಅವಧಿ. ಎಚ್‌ಬಿಎ1ಸಿ ಇಲ್ಲಿ ಅರ್ಥಪೂರ್ಣವಾಗುತ್ತದೆ. ಭಾರ ಎತ್ತುವ ವ್ಯಾಯಾಮದಲ್ಲಿ ಮೊದಲ ಕೆಲವು ವಾರ ಹೆಚ್ಚುವ ಬಲ ಬಹುಪಾಲು ನರಗಳು ಕೆಲಸ ಕಲಿತದ್ದರಿಂದ; ಕನ್ನಡಿಯಲ್ಲಿ ಸ್ನಾಯು ಕಾಣಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಓಡಿ ಗೊತ್ತಿಲ್ಲದವರನ್ನು ಐದು ಕಿಲೋಮೀಟರ್ ಓಟಕ್ಕೆ ಸಿದ್ಧಮಾಡಲು ಜಾಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ ‘ಕೌಚ್ ಟು 5ಕೆ’ ಒಂಬತ್ತು ವಾರದ್ದು, ವಾರಕ್ಕೆ ಮೂರೇ ದಿನ, ಒಟ್ಟು 27 ಓಟ. ಮಳೆ, ಜ್ವರ, ಊರಿನ ಜಾತ್ರೆ ಸೇರಿಸಿದರೆ ಹನ್ನೆರಡು ವಾರದಲ್ಲಿ ಆರಾಮವಾಗಿ ಕೂರುತ್ತದೆ. ವಾರಕ್ಕೆ ಮೂರು ಎಂಬುದನ್ನು ಏಳು ಮಾಡಿದವರು ಮೊಣಕಾಲು ನೋವೆಂದು ಮೂರನೆಯ ವಾರಕ್ಕೇ ನಿಲ್ಲಿಸುತ್ತಾರೆ.

ಇದರ ಕಾಯಿಲೆ ನಡುವಿನದು. ಐದರಿಂದ ಎಂಟನೆಯ ವಾರದವರೆಗೆ ಶುರುವಿನ ಹುರುಪು ಆರಿರುತ್ತದೆ, ಕೊನೆಯ ಬಿಸಿ ಇನ್ನೂ ತಟ್ಟಿರುವುದಿಲ್ಲ. ನಡುವೆ ಚಿಕ್ಕ ಗಡುವುಗಳನ್ನು ನೆಡುವುದೇ ಮದ್ದು. ಎಂಐಟಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂರು ಬರಹಗಳ ತಪ್ಪು ತಿದ್ದಲು ಮೂರು ವಾರ ಕೊಟ್ಟರು. ವಾರಕ್ಕೊಂದು ಒಪ್ಪಿಸಬೇಕಿದ್ದವರು ಅತಿ ಹೆಚ್ಚು ತಪ್ಪು ಹಿಡಿದರು. ಮೂರನ್ನೂ ಕೊನೆಯ ದಿನ ಕೊಟ್ಟರೆ ಸಾಕೆಂದಿದ್ದವರು ಅತಿ ಕಡಿಮೆ. ತಮ್ಮ ಗಡುವನ್ನು ತಾವೇ ಇಟ್ಟುಕೊಂಡವರು ಇವೆರಡರ ನಡುವೆ ನಿಂತರು. ಅಂದರೆ ನಾವೇ ಇಟ್ಟುಕೊಂಡ ಗಡುವು ಇಲ್ಲದ್ದಕ್ಕಿಂತ ಮೇಲು. ಬೇರೆಯವರಿಗೆ ಒಪ್ಪಿಸಬೇಕಾದದ್ದು ಅದಕ್ಕಿಂತಲೂ ಮೇಲು. ಪ್ರತಿ ಭಾನುವಾರ ಸಂಜೆ ನಿಮ್ಮ ಅಂಕಿಯನ್ನು ಕೇಳುವ ಅಕ್ಕನೋ ಗೆಳೆಯನೋ ಇದ್ದರೆ ಸಾಕು.

ಹನ್ನೆರಡು ವಾರದಲ್ಲಿ ಒಂದು ಗುರಿ, ಹೆಚ್ಚೆಂದರೆ ಎರಡು. ಮೂರು ಬೇಡ.

ದಿನಗಳನ್ನು ಎಣಿಸುವ ರೀತಿ

ಯಾವ ಅವಧಿ ಆರಿಸಿದರೂ ಕ್ಯಾಲೆಂಡರಿನ ದಿನ ಬೇರೆ, ಕೈಗೆ ಸಿಗುವ ದಿನ ಬೇರೆ. 30ರಲ್ಲಿ ನಾಲ್ಕು ಭಾನುವಾರ, ಎರಡು ಹಬ್ಬ, ನೆಂಟರಿಗೋ ನೆಗಡಿಗೋ ಎರಡು ದಿನ ಕಳೆಯಿರಿ: 22. ಗುರಿಯನ್ನು 22ಕ್ಕೆ ಹಾಕಿ. ಉಳಿದ ಎಂಟು ದಿನ ತಪ್ಪಿದ್ದನ್ನು ತುಂಬಿಕೊಳ್ಳಲು.

ಇದು ಅತಿ ಎಚ್ಚರಿಕೆ ಅನ್ನಿಸಿದರೆ 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ನೋಡಿ. ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನದಲ್ಲಿ ಮುಗಿಸುತ್ತೇವೆ ಎಂದರು. ಎಲ್ಲವೂ ಕೆಟ್ಟರೆ? 48.6 ದಿನ ಎಂದರು. ನಿಜಕ್ಕೂ ಹಿಡಿದದ್ದು 55.5 ದಿನ. ಎಲ್ಲ ಕೆಟ್ಟಾಗಿನ ಅಂದಾಜೂ ಸಾಲಲಿಲ್ಲ. ಮೊದಲ ಅಂದಾಜನ್ನು 1.6ರಿಂದ ಗುಣಿಸಿದರೆ ನಿಜಕ್ಕೆ ಹತ್ತಿರ ಬರುತ್ತೀರಿ.

ಆಮೇಲೆ ಯಾವಾಗ, ಎಲ್ಲಿ ಎಂಬುದನ್ನು ‘ಆದರೆ-ಆಗ’ ವಾಕ್ಯವಾಗಿ ಬರೆಯಿರಿ. ‘ದಿನಾ ನಡೆಯುತ್ತೇನೆ’ ಎಂದಲ್ಲ. ‘ಕಾಫಿ ಲೋಟ ಸಿಂಕಿಗೆ ಹಾಕಿದ ಕೂಡಲೇ ಶೂ ಹಾಕುತ್ತೇನೆ. ಮಳೆ ಬಂದರೆ ಮೆಟ್ಟಿಲಲ್ಲಿ ಇಪ್ಪತ್ತು ನಿಮಿಷ ಹತ್ತಿ ಇಳಿಯುತ್ತೇನೆ.’ ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ವಿವರಿಸಿದ ಈ ಬಗೆಯ ಮೇಲಿನ 94 ಪರೀಕ್ಷೆಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬರೀ ಸಂಕಲ್ಪಕ್ಕಿಂತ ಇದು ಚೆನ್ನಾಗಿಯೇ ಕೆಲಸ ಮಾಡುವುದು ಕಂಡಿತು. ಕಾಸು ಖರ್ಚಿಲ್ಲದ್ದು, ಎರಡು ನಿಮಿಷದ ಕೆಲಸ.

ತಪ್ಪಿದ ದಿನದ ಬಾಕಿಯನ್ನು ಮರುದಿನ ದುಪ್ಪಟ್ಟು ಮಾಡಿ ತೀರಿಸಲು ಹೋಗಬೇಡಿ. ಮೂರನೆಯ ದಿನವೂ ತಪ್ಪುತ್ತದೆ. ಸತತವಾಗಿ ಎರಡು ದಿನ ತಪ್ಪಿಸುವುದಿಲ್ಲ ಎಂಬುದಷ್ಟೇ ಕಟ್ಟುಪಾಡು.

ಎರಡು ಅವಧಿಗಳ ನಡುವೆ ಸಂದೇಹ ಬಂದರೆ

ಹೊರದೇಶದಲ್ಲಿ ಬೆಳೆಯುತ್ತಿರುವ, ಮನೆಯಲ್ಲಿ ಕನ್ನಡ ಆಡುವ ಆದರೆ ಓದಲು ಬಾರದ ಎಂಟು ವರ್ಷದ ಮಗುವಿಗೆ ಓದು ಕಲಿಸಬೇಕಿದೆ ಎನ್ನಿ. ವರ್ಣಮಾಲೆಯಲ್ಲಿ 49 ಅಕ್ಷರ. ದಿನಕ್ಕೊಂದರಂತೆ ಏಳು ವಾರಕ್ಕೆ ಸರಿಯಾಗಿ ಕೂರುತ್ತದೆ, ಹೆಚ್ಚುಕಡಿಮೆ ಒಂದು ಮಂಡಲ. ಹಾಗಾಗಿ ಹಲವರು ಅದನ್ನೇ ಹಿಡಿಯುತ್ತಾರೆ. ಮೂವತ್ತನೆಯ ದಿನ ಮಗು ‘ಣ’ ಬರೆಯುತ್ತಿರುತ್ತದೆ, ‘ಉ’ ಮರೆತಿರುತ್ತದೆ, ಒಂದು ಪದವನ್ನೂ ಓದಲಾರದು. ಇಲ್ಲಿ ಅಕ್ಷರ ಮುಗಿಸುವ ಕೆಲಸವಲ್ಲ, ಏರುವ ಅಂಕಿ. ಹನ್ನೆರಡು ವಾರ ಬೇಕು.

ಮೊದಲ ಐದು ವಾರ, ವಾರಕ್ಕೆ ಹತ್ತರಂತೆ ಅಕ್ಷರಗಳು, ಆದರೆ ಅ ಆ ಇ ಈ ಕ್ರಮದಲ್ಲಲ್ಲ. ನಮ್ಮ ಶಾಲೆಗಳಲ್ಲಿ ಬಳಕೆಯಲ್ಲಿರುವ ‘ರ ಗ ಸ ದ ಅ’, ಅದರ ಹಿಂದೆ ‘ಜ ವ ಮ ಬ ನ’ ಎಂಬ ಕ್ರಮ ಹಿಡಿಯಿರಿ. ಐದೇ ಅಕ್ಷರಕ್ಕೆ ಸರ, ದರ, ಅರಸ, ಗರಗಸ ಓದಲು ಬರುತ್ತದೆ. ಮೊದಲ ವಾರದಲ್ಲೇ ಮಗುವಿಗೆ ತಾನು ಓದುತ್ತಿದ್ದೇನೆಂದು ಗೊತ್ತಾಗುತ್ತದೆ. ಆರರಿಂದ ಎಂಟನೆಯ ವಾರ ಕಾಗುಣಿತ, ಒಂಬತ್ತರಿಂದ ಹನ್ನೊಂದು ಒತ್ತಕ್ಷರ. ಕಾಗುಣಿತದಲ್ಲಿ ಎಡವುವುದು ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’ ಚಿಹ್ನೆಗಳಲ್ಲಿ. ಒತ್ತಕ್ಷರದಲ್ಲಿ ‘ರ್ಕ’ ಮತ್ತು ‘ಕ್ರ’ ಅದಲುಬದಲಾಗುತ್ತವೆ. ಅರ್ಕಾವತ್ತನ್ನು ಅಕ್ಷರದ ನಂತರ ಬರೆದರೂ ಮೊದಲು ಓದಬೇಕು ಎಂಬುದು ತಲೆಗೆ ಹೋಗಲು ಒಂದು ವಾರ ಬೇರೆಯೇ ಬೇಕು. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಒಟ್ಟು 60 ಪಾಠ. ಭಾನುವಾರದ ಒಪ್ಪಿಸುವಿಕೆ ಊರಿನ ಅಜ್ಜಿಗೆ, ವಿಡಿಯೊ ಕಾಲ್‌ನಲ್ಲಿ, ಆ ವಾರ ಕಲಿತ ಅಕ್ಷರಗಳದೇ ಹತ್ತು ಪದ. ಹನ್ನೆರಡನೆಯ ವಾರಕ್ಕೆ ಹೊಸದೇನನ್ನೂ ಇಡಬೇಡಿ. ಅಜ್ಜಿ ಕೈಬರಹದಲ್ಲಿ ಬರೆದು ಫೋಟೊ ಕಳಿಸಿದ ನಾಲ್ಕು ಸಾಲನ್ನು ಮಗು ಓದಲಿ. ಅಚ್ಚಿನ ಅಕ್ಷರ ಬಂದ ಮಕ್ಕಳೂ ಕೈಬರಹದಲ್ಲಿ ತಡವರಿಸುತ್ತಾರೆ, ಮುಂದಿನ ಅವಧಿಗೆ ಏನಿಡಬೇಕೆಂದು ಅಲ್ಲೇ ಗೊತ್ತಾಗುತ್ತದೆ.